ಪುಟ್ಟ ಕಾರಿಗೆ ಬಿಟ್ಟ ದಾರಿ

ಜಪಾನಿನ ಹಕೋನೆ ಘಾಟಿಯ ತುದಿಯ ನೂಡಲ್ ಅಂಗಡಿಯ ಸಾಲಿನಲ್ಲಿದ್ದ ಚಿಹಾರುಗೆ ಮುಂದಿನ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಹೊರಗೆ ನಿಂತಿದೆಯಲ್ಲ ಆ ಪುಟ್ಟ ಕೆಂಪು ಕಾರು, ಅದರ ಎಂಜಿನ್ನಲ್ಲಿ ದಮ್ಮಿಲ್ಲ ಕಣೇ. ನಮ್ಮದರ ಅರ್ಧ ಶಕ್ತಿಯೂ ಇಲ್ಲ.”

“ಮತ್ತೆ, ಘಾಟಿ ಹತ್ತುವಾಗ ಎಡಗಡೆ ದೀಪ ಹಾಕಿ ಅದಕ್ಕೆ ದಾರಿ ಬಿಟ್ರಲ್ಲ, ಯಾಕ್ರೀ?”

“ಮರ್ಯಾದೆ ಅಂತ ಒಂದಿರುತ್ತಲ್ಲ.”

“ಓಹೋ! ಅವರೂ ಹಿಂದಿನ ದೀಪ ಮಿನುಗಿಸಿ ಥ್ಯಾಂಕ್ಸ್ ಹೇಳಿದ್ರು, ಪಾಪ.”

ಗಂಡ ನಕ್ಕುಬಿಟ್ಟ. “ಭಾರವೇ ಇಲ್ಲ ಕಣೇ ಅದಕ್ಕೆ. ತಿರುವಿನಲ್ಲಿ ನಾನು ಬ್ರೇಕ್ ಒತ್ತೋ ಕಡೆ ಅದು ಹಾಗೇ ನುಗ್ಗುತ್ತೆ. ನೋಡೋಕೆ ಎರಡು ಕಣ್ಣು ಸಾಲದು.”

ಅಷ್ಟರಲ್ಲಿ ಬೆಳ್ಳಿಗೂದಲಿನ ಅಜ್ಜಿಯೊಬ್ಬರು ಊಟ ಮುಗಿಸಿ ಹೋಗಿ ಆ ಕೆಂಪು ಕಾರು ಹತ್ತಿದರು.

“ಬಾರೇ, ಊಟ ಆಮೇಲೆ! ಇಳಿಯುವಾಗ ಅವರ ಹಿಂದೇನೇ ಹೋಗಿ ನೋಡೋಣ.”

“ಕಾಣಿಸಿದ್ರೆ ತಾನೇ!” ಎನ್ನುತ್ತ ಹೆಂಡತಿಯೂ ಸಾಲು ಬಿಟ್ಟು ಓಡಿದಳು.