ನೆರಳು ಮೊದಲು

ಟಿಣ್ ಎಂದು ಒಂದು ಸಣ್ಣ ಸದ್ದು. ಗಾಜಿನ ಲೋಟದ ಅಂಚಿಗೆ ಬ್ರಷ್ ತಟ್ಟಿದಂತೆ.

ರಾತ್ರಿ ಬಹಳ ಹೊತ್ತಾಗಿತ್ತು. ನಾನು ಎದ್ದು ಒಳಕೋಣೆಗೆ ಇಣುಕಿದೆ. ನನ್ನ ಮಗಳು, ನಮ್ಮ ಪುಟ್ಟ ಇಂದು, ಹಾಸಿಗೆಯ ಮೇಲೆ ಕೂತು ಬ್ರಷ್ ತೊಳೆಯುತ್ತಿದ್ದಳು. ಮಲಗು ಎಂದರೆ "ಹೈ, ಹೈ" ಎಂದು, ಆಯ್ತು ಆಯ್ತು ಎನ್ನುವ ಜಪಾನೀ ಮಕ್ಕಳ ರಾಗದಲ್ಲಿ ಹೇಳಿ ಹೊದಿಕೆ ಎಳೆದುಕೊಂಡಳು. ಸದ್ದು ಎಲ್ಲಿಂದ ಬಂತೆಂದು ತಿಳಿದ ಮೇಲೂ ಎದೆ ಹಗುರವಾಗಲು ನನಗೆ ಸ್ವಲ್ಪ ಸಮಯ ಬೇಕಾಯಿತು. ನನ್ನ ಸ್ವಭಾವವೇ ಹಾಗೆ.

ಅದು ಯೋಕೋಹಾಮಾದ ಗುಡ್ಡದ ಮೇಲಿರುವ ವೇದವಲ್ಲಿಯವರ ಮನೆ. ಎಪ್ಪತ್ತು ದಾಟಿದ ಅವರು ನಿಸರ್ಗಚಿತ್ರಗಳನ್ನು ಬರೆಯುವವರು; ಶನಿವಾರಗಳಂದು ನಮ್ಮಂಥವರಿಗೆ ಕಲಿಸುತ್ತಾರೆ. ಆ ಶನಿವಾರ ಟೈಫೂನ್ ಮಳೆಗೆ ರೈಲುಗಳೆಲ್ಲ ನಿಂತುಹೋಗಿ, ನಾನು, ಇಂದು ಮತ್ತು ಇನ್ನೊಬ್ಬ ಶಿಷ್ಯ ಕಿರಣ ಅಲ್ಲೇ ಉಳಿಯಬೇಕಾಯಿತು. ಕಿರಣನಿಗೆ ಶಿನಾಗಾವಾದಲ್ಲಿ ಸಾಫ್ಟ್‌ವೇರ್ ಕೆಲಸ. ತಲೆಬಿಸಿ ಕಮ್ಮಿಯಾಗಲೆಂದು ಬಣ್ಣ ಹಿಡಿದವನು. ವೇದವಲ್ಲಿಯವರ ಪತಿ ರಮಾಕಾಂತರು, ನಿವೃತ್ತ ವಿಜ್ಞಾನಿ, ಅಡುಗೆಮನೆಯಲ್ಲಿ ಫಿಲ್ಟರ್ ಕಾಫಿಗೆ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಿದ್ದರು.

ನಾನು ಆ ದಿನ ಬಂದಿದ್ದು ಇಂದುವಿನ ಪಾಠ ನಿಲ್ಲಿಸುತ್ತೇನೆಂದು ಹೇಳಲು. ಬೆಳಗಿನಿಂದ ಬಾಯಿ ಬಂದಿರಲಿಲ್ಲ. ಒಂದು ವರ್ಷದ ಹಿಂದೆ ಈ ಮಗು ಶಾಲೆಯ ಬಿಡುವಿನಲ್ಲಿ ಚಪ್ಪಲಿ ಕಪಾಟಿನ ಪಕ್ಕ ಒಬ್ಬಳೇ ಕೂರುತ್ತಿದ್ದಳು. ಮನೆಯಲ್ಲೂ ಮಾತಿಲ್ಲ. ಈಗ ನಗುತ್ತಾಳೆ, ಹೊಟ್ಟೆತುಂಬ ಉಣ್ಣುತ್ತಾಳೆ. ಅದಕ್ಕೆ ಈ ಮನೆಯೇ ಕಾರಣ. ಆದರೆ ಆ ವಾರ ಅವಳ ಶಾಲೆಯ ಟೀಚರ್ ಮೋರಿ ಸೆನ್ಸೇ ಫೋನ್ ಮಾಡಿ, ಬಹಳ ಸಂಕೋಚದಿಂದ, ಇಂದು ಬರೆಯುವ ಚಿತ್ರಗಳಲ್ಲಿ ಉಳಿದ ಮಕ್ಕಳಿಗೆಲ್ಲ ಒಂದೊಂದು ನೆರಳು, ಇಂದುವಿಗೆ ಮಾತ್ರ ಎರಡು, ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಕೇಳಿದ್ದರು. ನಗೋಯಾಕ್ಕೆ ಆಫೀಸ್ ಕೆಲಸದ ಮೇಲೆ ಹೋಗಿದ್ದ ಗಂಡ ಮಧುಕರ್, "ಪಾಠ ನಿಲ್ಸು, ಸಾಕು" ಎಂದಿದ್ದರು.

"ವೇದಾ ಆಂಟಿ, ಎರಡು ನೆರಳು ಬರೆಯೋದು ನೀವು ಹೇಳಿಕೊಟ್ಟಿದ್ದಾ?" ಎಂದು ಕೊನೆಗೂ ಕೇಳಿ, ಸೆನ್ಸೇ ಹೇಳಿದ್ದನ್ನೆಲ್ಲ ಒಪ್ಪಿಸಿದೆ.

ಅವರು ಒಳಕೋಣೆಯ ಕಡೆ ಒಮ್ಮೆ ನೋಡಿದರು. "ಮಗು ಮಲಗ್ತಾ?" ಎಂದರು. ಆಮೇಲೆ ಕಾಲು ಮಡಚಿ ಕೂತರು.

"ನಾನು ಹೇಳಿಕೊಟ್ಟಿದ್ದಲ್ಲಮ್ಮ... ಆದ್ರೆ ಅದು ಎಲ್ಲಿಂದ ಬಂತು ಅಂತ ಗೊತ್ತು. ಕೇಳು. ಕಿರಣ, ನೀನೂ ಆ ಫೋನ್ ಮಡಗು.

"ನಾನು ಇಂಗ್ಲೆಂಡಿಗೆ ಹೋದಾಗ ಇಪ್ಪತ್ತರ ಹರೆಯ. ಸ್ಕಾಲರ್‌ಶಿಪ್ ಸಿಕ್ಕಿತ್ತು, ಮೈಸೂರು ಬಿಟ್ಟು ಬೇರೆ ಊರೇ ಕಂಡವಳಲ್ಲ. ಬೇಸಿಗೆಯಲ್ಲಿ ನಮ್ಮ ಕಾಲೇಜಿನವರು ಒಬ್ಬೊಬ್ಬರನ್ನ ಒಬ್ಬೊಬ್ಬ ಪೇಂಟರ್ ಹತ್ರ ಹಳ್ಳಿಗೆ ಕಳಿಸೋರು. ನನಗೆ ಸಿಕ್ಕಿದ್ದು ಹಾಸ್ಕಿನ್ಸ್ ಅಂತ ಒಬ್ಬ ಮುದುಕಪ್ಪ. ಜೀವಮಾನವೆಲ್ಲಾ ಅದೇ ಹಳ್ಳಿ, ಅದೇ ಗುಡ್ಡ, ಅದೇ ಗೋಧಿ ಹೊಲ, ಹೊಲದ ಸುತ್ತ ಗಿಡದ ಬೇಲಿ, ಆಚೆಗೆ ಕಲ್ಲಿನ ಚರ್ಚು... ಇಷ್ಟನ್ನೇ ಬರೆದವರು. ಕೋಟಿನ ಜೇಬಲ್ಲಿ ಬ್ರೆಡ್ಡು, ಒದ್ದೆ ಹುಲ್ಲಲ್ಲಿ ಬೆಳಗಿನಿಂದ ನಿಂತ್ರೆ ನಿಂತರು. ಬೇಜಾರಾಗಲ್ವಾ ಅಂತ ಕೇಳಿದ್ರೆ, ನಿನ್ನೆ ಈ ಗುಡ್ಡ ಇಲ್ಲಿರಲಿಲ್ಲ ಕಣಮ್ಮ, ಇವತ್ತೇ ಬಂದಿದ್ದು ಅನ್ನೋರು. ಅಷ್ಟು ತೃಪ್ತಿ ಇರೋ ಮನುಷ್ಯನ್ನ ನಾನು ಬೇರೆ ನೋಡಿಲ್ಲ..."

"ನನ್ನನ್ನ ನೋಡಿಲ್ವಾ?" ಎಂದು ಅಡುಗೆಮನೆಯಿಂದ ರಮಾಕಾಂತರು.

"ನೀವು ಕಾಫಿ ತನ್ನಿ. ಆಮೇಲೆ ನೋಡ್ತೀನಿ." ಅವರು ಮುಂದುವರಿಸಿದರು. "ಅವರ ಪಾಠ ಒಂದೇ. ನೆರಳು ಮೊದಲು. ಬೆಟ್ಟ ಎಲ್ಲೂ ಓಡಿಹೋಗಲ್ಲ, ನೆರಳು ಓಡತ್ತೆ, ಮೊದಲು ಅದನ್ನ ಹಿಡಿ. ಹಾಗಾಗಿ ಪೇಪರ್ ಮೇಲೆ ಮೊದಲು ನೀಲಿ ಬಣ್ಣದಲ್ಲಿ ನೆರಳುಗಳನ್ನಷ್ಟೇ ಹಾಕಿಬಿಡೋದು, ಏನು ಎತ್ತ ಅಂತ ಯೋಚಿಸದೇ ಕಣ್ಣಿಗೆ ಬಿದ್ದಷ್ಟನ್ನೂ. ಆಮೇಲೆ ನಿಧಾನವಾಗಿ ಯಾವ ನೆರಳು ಯಾರದ್ದೋ ಅವರನ್ನ ತಂದು ನಿಲ್ಲಿಸೋದು. ನಿಮಗೂ ಹಾಗೇ ತಾನೇ ಹೇಳಿಕೊಟ್ಟಿರೋದು?

"ಒಂದು ದಿನ, ಆ ವರ್ಷ ಅವರು ಕಾಲೇ ಇಡದಿದ್ದ ಒಂದು ಹೊಲಕ್ಕೆ ನಾನೇ ಹಟ ಮಾಡಿ ಕರ್ಕೊಂಡು ಹೋದೆ. ಒಳ್ಳೇ ಬಿಸಿಲು. ಸರಸರ ಅಂತ ನೆರಳು ಹಾಕಿದೆ. ಆಮೇಲೆ ಓಕ್ ಮರ ಬಂತು, ಅದರ ನೆರಳಿಗೆ ಸರಿಹೋಯ್ತು. ಬೇಲಿ ಬಂತು. ಮರದ ಗೇಟು ಬಂತು. ಎಲ್ಲಾ ಮುಗೀತು... ಒಂದು ನೆರಳು ಮಿಕ್ಕಿಬಿಡ್ತು.

"ಗೇಟಿನ ಪಕ್ಕ, ಹುಲ್ಲಿನ ಮೇಲೆ, ಸಣ್ಣಕೆ, ಉದ್ದಕೆ. ಒಂದು ಕೈ ಗೇಟಿನ ಮೇಲೆ. ನಾನು ತಪ್ಪು ಹಾಕಿದೆನೇನೋ ಅಂತ ತಲೆ ಎತ್ತಿ ನೋಡಿದೆ. ಪೇಪರ್ ಮೇಲೆ ಮಾತ್ರ ಅಲ್ಲ... ಹುಲ್ಲಿನ ಮೇಲೂ ಇತ್ತು. ನಿಲ್ಲೋರು ಯಾರೂ ಇಲ್ಲ. ಬರೀ ನೆರಳು.

"ಹಾಸ್ಕಿನ್ಸ್ ಬಂದು ನೋಡಿದ್ರು. ಟೋಪಿ ತೆಗೆದ್ರು. ನಾನು ಬರೆಯೋವಾಗ ಈಡಿತ್ ಅಲ್ಲೇ ನಿಲ್ತಿದ್ಲು, ದನ ಒಳಗೆ ಬರದೇ ಇರಲಿ ಅಂತ, ಅಂದ್ರು. ಅವರ ಹೆಂಡತಿ. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ರು."

ಕಿರಣ ನಗಲು ನೋಡಿದ. "ಮೇಡಂ, ಪುರಾಣದಲ್ಲೂ ಇದೆ ಅಲ್ವಾ, ಸೂರ್ಯನ ಹೆಂಡತಿ ನೆರಳನ್ನ ಮನೇಲಿ ಬಿಟ್ಟು ತೌರಿಗೆ ಹೋದಳು ಅಂತ."

"ಆಕೆ ವಾಪಸ್ ಬಂದಳಪ್ಪ. ಈಕೆ ಎಲ್ಲಿಂದ ಬರಬೇಕು? ಸರಿ, ನನ್ನ ಫಜೀತಿ ಕೇಳಿ. ಆ ಚಿತ್ರ ಕಾಲೇಜಿನ ಪರೀಕ್ಷೆಗೆ ಕೊಡಬೇಕು. ವಸ್ತುವೇ ಇಲ್ಲದ ನೆರಳು ಅಂದ್ರೆ ಈಗಷ್ಟೇ ಕಲಿಯೋರ ತಪ್ಪು. ಫೇಲಾದ್ರೆ ಸ್ಕಾಲರ್‌ಶಿಪ್ ಹೋಯ್ತು, ಹಡಗೋ ವಿಮಾನವೋ ಹತ್ತಿ ವಾಪಸ್. ಒದ್ದೆ ಸ್ಪಂಜ್ ಒತ್ತಿದ್ರೆ ಆ ನೀಲಿ ಎದ್ದು ಬರ್ತಿತ್ತು. ಸ್ಪಂಜ್ ಕೈಗೂ ತಗೊಂಡೆ. ಆ ಮುದುಕಪ್ಪ ಬೇಡ ಅನ್ನಲಿಲ್ಲ... ಮುಖ ಆಚೆ ತಿರುಗಿಸಿಕೊಂಡ್ರು, ಅಷ್ಟೇ. ನೀವಾಗಿದ್ರೆ ಒತ್ತುತಿದ್ರಾ?

"ನಾನು ಒತ್ತಲಿಲ್ಲ. ನೆರಳು ಮೊದಲು, ಆಮೇಲೆ ಅದರ ಒಡತಿ, ಹಾಗೇ ತಾನೇ ಪಾಠ? ನೆರಳಿನ ಬುಡಕ್ಕೆ ಒಬ್ಬಳು ಹೆಂಗಸನ್ನ ಬರೆದುಬಿಟ್ಟೆ. ಆದ್ರೆ ನಾನು ಬೆಟ್ಟ ಗುಡ್ಡ ಬರೆಯೋಳು, ಮನುಷ್ಯರನ್ನ ಬರೆದು ಅಭ್ಯಾಸ ಎಲ್ಲಿ? ಗೊತ್ತಿದ್ದಿದ್ದು ಕನ್ನಡಿಯಲ್ಲಿ ಕಂಡ ಒಂದೇ ಮೈ. ಸೀರೆ ಮೇಲೆ ಕೋಟು ಹಾಕ್ಕೊಂಡ ನನ್ನನ್ನೇ ಬರೆದೆ. ಹಾಸ್ಕಿನ್ಸ್ ನೋಡಿ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಸೀರೆ ಅವಳಿಗೆ ಒಪ್ಪತ್ತೆ ಅಂದ್ರು.

"ಪಾಸಾದೆ. ಮಾರನೇ ದಿನ ಹೊಲಕ್ಕೆ ಹೋದ್ರೆ ಗೇಟಿನ ಹತ್ರ ನೆರಳಿಲ್ಲ. ಬಸ್ಸಿಗೆ ನಡೀತಾ ರಸ್ತೆ ನೋಡ್ಕೊಂಡೆ... ನನ್ನ ಕಾಲಿಂದ ಎರಡು ಹೊರಟಿದ್ವು. ಒಂದು ನನ್ನದು. ಇನ್ನೊಂದು ಸ್ವಲ್ಪ ಹಿಂದೆ, ಕೈ ಚಾಚಿಕೊಂಡು, ದನ ಕಾಯೋ ಹಾಗೆ. ಹೆದರಿಕೆ ಆಗ್ಲಿಲ್ವಾ ಅಂತೀರಿ. ಆ ನೆರಳಿಗೆ ಮೈ ಕೊಟ್ಟವಳು ನಾನೇ ಅಲ್ವಾ, ಯಾಕೆ ಹೆದರಲಿ? ಮೈಸೂರಿಗೆ ಬಂತು, ಜಪಾನಿಗೂ ಬಂತು. ಇವರು ಬೆಳಗ್ಗೆ ಹೋದ್ರೆ ರಾತ್ರಿ ಬರೋರು, ಭಾಷೆ ಬರಲ್ಲ, ಆದ್ರೂ ಒಂದು ದಿನವೂ ನನಗೆ ಒಬ್ಬಳೇ ಇದೀನಿ ಅನ್ನಿಸಲಿಲ್ಲ."

ರಮಾಕಾಂತರು ಕಾಫಿ ಲೋಟಗಳನ್ನಿಟ್ಟರು. "ಒಬ್ಬಳನ್ನೇ ಮದುವೆ ಆಗಿದೀನಿ ಅಂದ್ಕೊಂಡಿದ್ದೆ ಕಣಯ್ಯಾ ಕಿರಣ," ಎಂದರು. "ಹನಿಮೂನ್ ಫೋಟೋ ನೋಡಿದ ಮೇಲೆ ಗೊತ್ತಾಗಿದ್ದು." ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ಅವರ ಮುಖದಿಂದ ತಿಳಿಯಲಿಲ್ಲ.

ನಾನು ಒಳಕೋಣೆಯ ಕಡೆ ತಿರುಗಿದೆ. "ಆಂಟಿ... ಇಂದು?"

ವೇದವಲ್ಲಿಯವರು ಲೋಟದ ಬಿಸಿಗೆ ಅಂಗೈ ಒತ್ತಿ ಕೂತರು.

"ಚೆರ್ರಿ ಹೂ ಉದುರಿದ ಮೇಲೆ ನಿಮ್ಮನ್ನೆಲ್ಲ ಮೂಲಂಗಿ ಹೊಲದ ಹತ್ರ ಕರ್ಕೊಂಡು ಹೋಗಿದ್ನಲ್ಲ? ಮಗು ನೆರಳು ಹಾಕಿತು, ಗಿಡ ಬರೆಯಿತು, ಕಂಬ ಬರೆಯಿತು. ಅಜ್ಜಿ, ಒಂದು ಎಕ್ಸ್‌ಟ್ರಾ ಉಳಿದಿದೆ ಅಂತು. ನಾನು ಅದೇ ಹೊಲದಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ದೆ ಕಣಮ್ಮ. ನಾನು ಬಾಯಿ ತೆರೆಯೋದ್ರೊಳಗೆ ಅದರ ಬುಡಕ್ಕೆ ತನ್ನನ್ನೇ ಬರ್ಕೊಂಡಿತು... ಶಾಲೆ ಟೋಪಿ, ಎರಡು ಜಡೆ. ಆವತ್ತಿನಿಂದ ನೋಡು, ನನಗೆ ಒಂದೇ ನೆರಳು. ನನಗೂ ವಯಸ್ಸಾಯ್ತು, ಈಡಿತ್‌ಗೂ ಕಾಯೋಕೆ ಯಾರಾದ್ರೂ ಬೇಡ್ವಾ? ಪಾಠ ನಿಲ್ಲಿಸೋದಾದ್ರೆ ನಿಲ್ಲಿಸು, ನನಗೆ ಬೇಸರ ಇಲ್ಲ. ಆದ್ರೆ ನಿಲ್ಲಿಸಿದ ಮಾತ್ರಕ್ಕೆ ಅವಳು ನನ್ನ ಮನೆಗೆ ವಾಪಸ್ ಬರ್ತಾಳೆ ಅಂದ್ಕೋಬೇಡ."

ಕಿರಣ ಕಾಲನ್ನು ದೀಪದ ಬೆಳಕಿನಿಂದ ಒಳಗೆಳೆದುಕೊಂಡ.

ಬೆಳಗ್ಗೆ ಆಕಾಶ ತೊಳೆದಂತಿತ್ತು. ರೈಲುಗಳು ಹೊರಟಿದ್ದವು. ಇಂದು ಗುಡ್ಡದ ಇಳಿಜಾರಿನಲ್ಲಿ ನನ್ನ ಮುಂದೆ ಕುಣಿಯುತ್ತ ಇಳಿಯುತ್ತಿದ್ದಳು. ರಾತ್ರಿಯಿಡೀ ನಾನು ಕಾಯುತ್ತಿದ್ದುದು ಈ ಬಿಸಿಲಿಗೆ. ಈಗ ನೆಲ ನೋಡಲು ಧೈರ್ಯ ಸಾಲದು. ಅವಳು ಪಕ್ಕಕ್ಕೆ ಬಾಗಿ ಯಾರಿಗೋ ಒಂದೊಂದೇ ಜಪಾನೀ ಪದ ಬಿಡಿಸಿ ಹೇಳುತ್ತಿದ್ದಳು. ಕಿಸಾರಗಿ ಎಂಬ ಅಂಗಡಿಯ ಬೋರ್ಡು, ಸಿಗ್ನಲ್ಲು, ಕೊಂಬಿನಿ ಅನ್ನುವ ದಿನಸಿ ಅಂಗಡಿ.

"ಯಾರ ಹತ್ರ ಮಾತಾಡ್ತಿದೀಯಾ, ಕಂದಾ?"

"ಶೀ ಡಸಂಟ್ ನೋ ಜಾಪನೀಸ್, ಅಮ್ಮ," ಎಂದಳು, ತಿರುಗದೆಯೇ. "ಅಜ್ಜಿ ಕಲಿಸೇ ಇಲ್ವಂತೆ. ಸೋ ಐ ಆಮ್ ಟೀಚಿಂಗ್ ಹರ್."

ಆಗ ನೋಡಿದೆ. ಒದ್ದೆ ರಸ್ತೆಯ ಮೇಲೆ ಅವಳ ಪುಟ್ಟ ನೆರಳು. ಅದರ ಹಿಂದೆ, ಸಣ್ಣಕೆ, ಉದ್ದಕೆ, ಇನ್ನೊಂದು. ವಾಹನಗಳು ಓಡಾಡುವ ಕಡೆಗೆ ಅದರ ಒಂದು ಕೈ ಚಾಚಿತ್ತು.

ಫೋನ್ ಬಡಿದುಕೊಂಡಿತು. ನಗೋಯಾದಿಂದ ಮಧುಕರ್. "ಏನಾಯ್ತು? ಹೇಳಿದ್ಯಾ ಅವರಿಗೆ? ಸ್ಕೂಲಿಗೆ ಏನಂತ ಉತ್ತರ ಕೊಡೋಣ?"

ಇಂದು ನಗುತ್ತಿದ್ದಳು. ಚಪ್ಪಲಿ ಕಪಾಟಿನ ಪಕ್ಕ ಕೂರುತ್ತಿದ್ದ ಮಗುವಿಗೆ ಆ ನಗು ಇರಲಿಲ್ಲ.

"ಅದು ಚಿತ್ರ ಬರೆಯೋ ಒಂದು ಪದ್ಧತಿಯಂತೆ ಕಣ್ರೀ," ಎಂದೆ. "ಸೆನ್ಸೇಗೆ ನಾನೇ ಹೇಳ್ತೀನಿ. ಪಾಠ ನಡೀಲಿ."

"ಅಷ್ಟೇನಾ?"

"ಅಷ್ಟೇ."

ಅವರಿಗಾಗಲಿ, ಸೆನ್ಸೇಗಾಗಲಿ, ಊರಲ್ಲಿರುವ ಅಮ್ಮನಿಗಾಗಲಿ ಇದನ್ನು ಎಂದೂ ಹೇಳುವುದಿಲ್ಲವೆಂದು ಆ ಇಳಿಜಾರಿನಲ್ಲೇ ತೀರ್ಮಾನಿಸಿದೆ. ಫೋನನ್ನು ಚೀಲಕ್ಕೆ ಹಾಕಿ, ಮುಂದೆ ಹೋಗುತ್ತಿದ್ದ ಇಬ್ಬರನ್ನೂ ತುಳಿಯದಂತೆ, ರಸ್ತೆಯ ಅಂಚಿಗೆ ಸರಿದು ನಡೆದೆ.