ಒಂಬತ್ತು ಸೆಕೆಂಡು ಮತ್ತು ಗುರುವಾರದ ಪಾಠ

ವೇದಿಕೆಯ ಮೇಲಿರುವ ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರೇ, ನನಗೆ ಈ ಶಾಲೆಯ ಬಾಗಿಲು ತೆರೆದ ಮುಖ್ಯೋಪಾಧ್ಯಾಯಿನಿಯವರೇ, ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿರುವ ಪೋಷಕರೇ, ಹಿಂದಿನ ಸಾಲಿನಲ್ಲಿ ಒಬ್ಬರನ್ನೊಬ್ಬರು ತಿವಿಯುತ್ತಾ ಕೂತಿರುವ ನನ್ನ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳೇ, ಸಭಿಕರೇ,

ಒಂಬತ್ತು ವರ್ಷದಿಂದ ಪ್ರತಿ ಗುರುವಾರ ಕೊನೆಯ ಪೀರಿಯಡ್ಡಿನಲ್ಲಿ ನಾನು ಈ ಶಾಲೆಯ ಮಕ್ಕಳಿಗೆ ಒಂದು ಪಾಠ ಮಾಡುತ್ತಿದ್ದೇನೆ. ವೇಳಾಪಟ್ಟಿಯಲ್ಲಿ ಅದರ ಹೆಸರು 'ಮಾಧ್ಯಮ ಮತ್ತು ನಾವು'. ಮಕ್ಕಳು ಇಟ್ಟ ಹೆಸರು 'ಅನುಮಾನದ ಪೀರಿಯಡ್'. ನನ್ನ ಹೆಸರು 'ಅನುಮಾನದ ಮಿಸ್'. ಗಣಿತದ ಮೇಷ್ಟ್ರಿಗೆ ಇಟ್ಟ ಹೆಸರಿಗೆ ಹೋಲಿಸಿದರೆ ನನ್ನದು ಎಷ್ಟೋ ವಾಸಿ. ಕ್ಷಮಿಸಿ ಸಾರ್, ನೀವು ಇಲ್ಲೇ ಇದ್ದೀರಿ ಅಂತ ಮರೆತಿದ್ದೆ.

ನನ್ನನ್ನು ಪರಿಚಯಿಸಿದವರು 'ದೂರದರ್ಶನ ವಾಹಿನಿಯೊಂದರಲ್ಲಿ ಹದಿಮೂರು ವರ್ಷ ಸೇವೆ' ಅಂದರು. ಸೇವೆ! ನಾನು ಮಾಡುತ್ತಿದ್ದದ್ದು ಕತ್ತರಿಸುವ ಕೆಲಸ. ಕಿಟಕಿಯಿಲ್ಲದ ಒಂದು ಕೋಣೆ, ಎರಡು ಪರದೆ, ಕಿವಿಗೆ ಹೆಡ್‌ಫೋನು. ಹೊರಗಿನಿಂದ ವಿಡಿಯೋ ಬರುತ್ತಿತ್ತು, ಉದ್ದ ಇದ್ದದ್ದನ್ನು ನಾನು ಗಿಡ್ಡ ಮಾಡುತ್ತಿದ್ದೆ. ಎಲ್ಲಿ ಶುರು, ಎಲ್ಲಿ ಕೊನೆ. ಅಷ್ಟೇ ಕೆಲಸ. ಅಷ್ಟೇ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ದಾರಿಹೋಕರೊಬ್ಬರು ಫೋನಿನಲ್ಲಿ ತೆಗೆದ ವಿಡಿಯೋ ಬಂತು. ನಲವತ್ತೊಂದು ಸೆಕೆಂಡು. ಶಾಲಾ ಬಸ್ಸಿನಿಂದ ಇಳಿದ ಪುಟ್ಟ ಹುಡುಗಿಯೊಬ್ಬಳು ರಸ್ತೆಯಲ್ಲಿ ಬಿದ್ದ ಕಂಪಾಸ್ ಬಾಕ್ಸನ್ನು ಎತ್ತಿಕೊಳ್ಳಲು ಬಗ್ಗಿದ್ದಾಳೆ. ಅವಳ ಬೆನ್ನ ಹಿಂದೆ ನೀರಿನ ಲಾರಿಯೊಂದು ಹಿಮ್ಮುಖವಾಗಿ ಬರುತ್ತಿದೆ. ಬಸ್ಸಿನ ಚಾಲಕ ಓಡಿಬಂದು ಅವಳ ತೋಳು ಹಿಡಿದು ಎಳೆಯುತ್ತಾನೆ. ಅವಳು ಚೀರುತ್ತಾಳೆ, ಫುಟ್‌ಪಾತಿನ ಮೇಲೆ ಬೀಳುತ್ತಾಳೆ. ಲಾರಿಯ ಚಕ್ರ ರಸ್ತೆಯಲ್ಲೇ ಉಳಿದ ಅವಳ ಚೀಲದ ಮೇಲೆ ಹತ್ತಿ ಇಳಿಯುತ್ತದೆ. ಆಮೇಲೆ ಆ ಚಾಲಕ ತಲೆ ಹಿಡಿದುಕೊಂಡು ಅಲ್ಲೇ ಕುಸಿದು ಕೂರುತ್ತಾನೆ.

ನಮ್ಮ ಸುದ್ದಿ ಮುಖ್ಯಸ್ಥರು ನನ್ನ ಹಿಂದೆ ನಿಂತು ನೋಡಿದರು. "ಎಳೆಯೋದು, ಕಿರುಚೋದು. ಅಷ್ಟೇ ಸಾಕು" ಅಂದರು.

"ಸಾರ್, ಲಾರಿ?" ಅಂದೆ.

"ಲಾರಿ ಇಟ್ರೆ ಕಥೆನೇ ಇರಲ್ಲ ಕಣಮ್ಮ."

ಒಂಬತ್ತು ಸೆಕೆಂಡು ಉಳಿಯಿತು. 'ಪುಟ್ಟ ಬಾಲಕಿಯ ಮೇಲೆ ಚಾಲಕನ ದರ್ಪ' ಎಂಬ ಶೀರ್ಷಿಕೆಯಲ್ಲಿ ದಿನವಿಡೀ ಓಡಿತು. ಆ ಹುಡುಗಿಯ ತಾಯಿ ವಾಹಿನಿಗೆ ಫೋನ್ ಮಾಡಿ, "ಅವರು ನನ್ನ ಮಗಳನ್ನ ಉಳಿಸಿದ್ದು ಕಣ್ರೀ" ಅಂತ ಅತ್ತರಂತೆ. ಫೋನ್ ಎತ್ತಿದವರು ಒಂದು ಚೀಟಿಯಲ್ಲಿ ಬರೆದುಕೊಂಡರು. ಚೀಟಿ ಅಲ್ಲೇ ಉಳಿಯಿತು. ಎರಡನೇ ದಿನಕ್ಕೆ ಚಾಲಕನ ಕೆಲಸ ಹೋಯಿತು.

ಆ ಚಾಲಕನ ಮಗಳು ಇದೇ ಶಾಲೆಯಲ್ಲಿ ಓದುತ್ತಿದ್ದಳು, ನನ್ನ ಮಗಳ ಪಕ್ಕದ ಬೆಂಚಿನಲ್ಲಿ. ನನ್ನ ಮಗಳಿಗೆ ಆಗ ಹದಿಮೂರು. ವಿಡಿಯೋವನ್ನು ತರಗತಿಯ ಗುಂಪಿಗೆ ಮೊದಲು ಕಳಿಸಿದವಳು ಅವಳೇ, ಆ ಚಾಲಕ ತನ್ನ ಗೆಳತಿಯ ಅಪ್ಪ ಅಂತ ಗೊತ್ತಿಲ್ಲದೆ. ಮಾರನೆಯ ದಿನ ಎಲ್ಲರಿಗೂ ಗೊತ್ತಾಯಿತು. ಆ ಮಗು ನಡೆದುಬಂದರೆ ಮಕ್ಕಳು ತೋಳು ಹಿಡಿದು ಎಳೆದ ಹಾಗೆ ನಟಿಸುತ್ತಿದ್ದರು. ನಾಲ್ಕು ದಿನ ಸಹಿಸಿದಳು. ಐದನೇ ದಿನ ಬರಲಿಲ್ಲ. ಆಮೇಲೆ ಎಷ್ಟೋ ದಿನ ಬರಲಿಲ್ಲ.

ನಿಜ ಏನೆಂದು ಹೊರಬಿದ್ದದ್ದು ಇದೇ ಶಾಲೆಯ ಪೋಷಕರ ಸಭೆಯಲ್ಲಿ, ಚಾಲಕ ಉಳಿಸಿದ ಪುಟ್ಟ ಹುಡುಗಿಯ ತಾಯಿ ಎದ್ದು ನಿಂತು ಹೇಳಿದಾಗ. ಅವತ್ತು ನನ್ನ ಮಗಳು ಬೂಟು ಕೂಡ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. "ಅಮ್ಮಾ, ಆ ವಿಡಿಯೋದಲ್ಲಿ ಮುಂದೇನಾಯ್ತು ಅಂತ ನಿಂಗೆ ಗೊತ್ತಿತ್ತಾ?"

ನಾನು ಪಾತ್ರೆ ತೊಳೆಯುತ್ತಿದ್ದೆ. ತಿರುಗಲಿಲ್ಲ. "ಇಲ್ಲ ಕಣೇ. ನಮ್ಮ ಕೈಗೆ ಬಂದಿದ್ದೇ ಅಷ್ಟು" ಅಂದೆ.

ಸಭಿಕರೇ, ಬರೆದು ತಂದ ಭಾಷಣದಲ್ಲಿ ಇದು ಇಲ್ಲ. ಈ ಹಾಳೆಯಲ್ಲಿ ಇದರ ಜಾಗದಲ್ಲಿ ಕಂಪ್ಯೂಟರ್ ಕೋಣೆಗೆ ಕುರ್ಚಿ ಕೊಡಿಸಿದವರಿಗೆ ಧನ್ಯವಾದ ಇದೆ. ಒಂಬತ್ತು ವರ್ಷ ಈ ಕಥೆಯನ್ನು ಮಕ್ಕಳಿಗೆ ಹೇಳಿದ್ದೇನೆ, ಯಾವಾಗಲೂ 'ಯಾರೋ ಕತ್ತರಿಸಿದರು' ಅಂತಲೇ ಹೇಳಿದ್ದೇನೆ. ಇಂಥ ಪಾಠ ಮಾಡುವವಳೇ ಹೀಗೆ ಅರ್ಧ ಹೇಳಿದರೆ ಹೇಗೆ? ಮಗಳೇ, ನಾಲ್ಕನೇ ಸಾಲಿನಲ್ಲಿದ್ದೀಯ. ನನಗೆ ಗೊತ್ತಿತ್ತು. ಪೂರ್ತಿ ನೋಡಿದ್ದೆ, ಮೂರು ಸಲ ನೋಡಿದ್ದೆ. ಕತ್ತರಿಸಿದವಳು ನಾನೇ. ಮನೆಗೆ ಹೋಗಿ ನೀನು ಏನು ಕೇಳಿದರೂ ಉತ್ತರ ಕೊಡುತ್ತೇನೆ.

ಸ್ವಲ್ಪ ನೀರು ಕುಡಿಯುತ್ತೇನೆ.

ಆ ವಾರವೇ ಕೆಲಸ ಬಿಟ್ಟೆ. ಪೂರ್ತಿ ವಿಡಿಯೋ ತೆಗೆದುಕೊಂಡು ಚಾಲಕರ ಮನೆಗೆ ಹೋದೆ. ಕತ್ತರಿಸಿದ್ದು ನಾನು ಅಂತ ಅವರಿಗೆ ಮಾತ್ರ ಹೇಳಿದೆ. ಅವರು ಬೈಯಲಿಲ್ಲ, ಒಳಗೆ ಕರೆಯಲೂ ಇಲ್ಲ. ಹೊಸ್ತಿಲಲ್ಲೇ ನಿಂತು ಹೇಳಿದರು: "ನಿಮ್ಮ ಕ್ಷಮೆ ತಗೊಂಡು ನಾನೇನು ಮಾಡ್ಲಿ ಮೇಡಂ? ನನ್ನ ಮಗಳು ಮುಸುಕು ಹಾಕ್ಕೊಂಡು ಮಲಗಿದ್ದಾಳೆ. ಅವಳ ಕ್ಲಾಸಿನ ಮಕ್ಕಳಿಗೆ ಪೂರ್ತಿ ತೋರಿಸಿ. ಮಿಕ್ಕಿದ್ದು ಆಮೇಲೆ ನೋಡೋಣ."

ಮುಖ್ಯೋಪಾಧ್ಯಾಯಿನಿಯವರು ಒಂದು ಗುರುವಾರ ಕೊನೆಯ ಪೀರಿಯಡ್ ಕೊಟ್ಟರು. ವಿಡಿಯೋ ತೆಗೆದವರಿಂದ ಆಮೇಲೆ ಸಿಕ್ಕಿತು ಅಂತ ಹೇಳಿ ನಲವತ್ತೊಂದು ಸೆಕೆಂಡೂ ತೋರಿಸಿದೆ. ಮುಂದಿನ ವಾರ ಚಾಲಕರ ಮಗಳು ಶಾಲೆಗೆ ಬಂದಳು. ಎದ್ದು ನಿಂತು ಒಂದೇ ಮಾತು ಕೇಳಿದಳು: "ನಮ್ಮಪ್ಪ ಯಾಕೆ ಎಳೆದ್ರು ಅಂತ ನಿಮ್ಮಲ್ಲಿ ಒಬ್ರಿಗೂ ಕೇಳ್ಬೇಕು ಅನ್ನಿಸ್ಲಿಲ್ವಾ?"

ನನ್ನ ಪಾಠ ಅಲ್ಲಿಂದ ಶುರುವಾಯಿತು. ಇದನ್ನು ತೆಗೆದವರು ಯಾರು? ಚೌಕಟ್ಟಿನ ಆಚೆ ಏನಿದೆ? ನನಗೆ ಸಿಟ್ಟು ಬಂದರೆ ಯಾರಿಗೆ ಲಾಭ? ಫೋನಿನಲ್ಲಿ ಸಣಕಲು ಹುಡುಗಿಯರನ್ನು ನೋಡಿ ನೋಡಿ ಊಟ ಬಿಟ್ಟಿದ್ದ ಒಬ್ಬಳಿದ್ದಳು. ಅವಳ ಮುಂದೆಯೇ ನಾವು ನಮ್ಮ ಪಿ.ಟಿ. ಮೇಷ್ಟ್ರ ಫೋಟೋ ತೆಗೆದು ಅವರ ಹೊಟ್ಟೆಯನ್ನು ಕಂಪ್ಯೂಟರಿನಲ್ಲಿ ಎರಡು ನಿಮಿಷದಲ್ಲಿ ಕರಗಿಸಿದೆವು. ಅವರು ಅದನ್ನು ಇಂದಿಗೂ ಡಿ.ಪಿ. ಇಟ್ಟುಕೊಂಡಿದ್ದಾರೆ. ಆ ಹುಡುಗಿ ನಕ್ಕಳು. ಒಂದೇ ದಿನಕ್ಕೆ ಸರಿಹೋಗಲಿಲ್ಲ, ವೈದ್ಯರ ಹತ್ತಿರವೂ ಹೋಗಬೇಕಾಯಿತು. ಆದರೆ ಊಟದ ಡಬ್ಬಿ ಮತ್ತೆ ತೆರೆದಳು.

ಇನ್ನು ಈಜುಕೊಳದ ವಿಷಯ. ಅಧ್ಯಕ್ಷರೇ, ಹೇಳಲೇಬೇಕು. ಈ ವರ್ಷ ನಮ್ಮ ಶಾಲೆಯ ಜಾಹೀರಾತಿನಲ್ಲಿ ಒಂದು ಸೊಗಸಾದ ಈಜುಕೊಳ ಬಂತು. ನೀಲಿ ನೀರು, ನಗುವ ಮಕ್ಕಳು. ಎಂಟನೇ ತರಗತಿಯವರು ಶಾಲೆಯನ್ನೆಲ್ಲ ಹುಡುಕಿದರು. ಸಿಗಲಿಲ್ಲ. ಕೊನೆಗೆ ಅರವತ್ತು ಸಹಿ ಹಾಕಿ ಬಹಳ ವಿನಯದಿಂದ ಪತ್ರ ಬರೆದರು: 'ಮಾನ್ಯರೇ, ಈಜುಡುಗೆಯನ್ನು ಯಾವ ವಾರ ತರಬೇಕು?'

ನಗಬೇಡಿ. ಅಧ್ಯಕ್ಷರು ನನ್ನನ್ನು ಕರೆಸಿ, "ಮೇಡಂ, ಹೊರಗಿನದನ್ನ ಪ್ರಶ್ನೆ ಮಾಡೋಕೆ ಕಲಿಸಿ ಅಂದ್ರೆ ಮನೆಯೊಳಗಿನದಕ್ಕೇ ಕೈ ಹಾಕಿದ್ರಲ್ಲ" ಅಂದರು. ಬರುವ ವಾರದಿಂದ ಗುರುವಾರದ ಕೊನೆಯ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ನನಗೆ ಈ ಹೂಗುಚ್ಛ, ಈ ಫಲಕ, ಈ ಸನ್ಮಾನ. ಹಾರೈಕೆಯೂ ಇದೆ, ಬೀಳ್ಕೊಡುಗೆಯೂ ಇದೆ ಅಂತ ಅರ್ಥವಾಗದಷ್ಟು ದಡ್ಡಿ ನಾನಲ್ಲ. ಅಧ್ಯಕ್ಷರ ಮೇಲೆ ನನಗೆ ಕೋಪವಿಲ್ಲ. ಒಂಬತ್ತು ವರ್ಷ ಅವಕಾಶ ಕೊಟ್ಟವರು ಅವರೇ. ಆದರೆ ಪಾಠ ನಿಲ್ಲುವುದಿಲ್ಲ.

ಹೌದು, ನಿಲ್ಲುವುದಿಲ್ಲ. ಎದುರು ರಸ್ತೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗದ ಕೋಣೆಯನ್ನು ಕೇಳಿಕೊಂಡಿದ್ದೇನೆ. ಬರುವ ಗುರುವಾರ ಸಂಜೆ ನಾಲ್ಕೂವರೆಗೆ. ಹತ್ತು ಜನ ಬಂದರೂ ಪಾಠ ಇದೆ, ಒಬ್ಬರು ಬಂದರೂ ಪಾಠ ಇದೆ. ಪೋಷಕರೇ, ನೀವೂ ಬನ್ನಿ. ಮನೆಯ ಗುಂಪುಗಳಲ್ಲಿ ಮೊದಲು ಫಾರ್ವರ್ಡ್ ಮಾಡುವವರು ಮಕ್ಕಳಲ್ಲ, ನಾವು.

ಆ ಚಾಲಕರು ಮತ್ತೆ ಶಾಲಾ ಬಸ್ಸು ಹತ್ತಲಿಲ್ಲ. ಈಗ ಆಂಬುಲೆನ್ಸ್ ಓಡಿಸುತ್ತಾರೆ. ನನ್ನನ್ನು ಕ್ಷಮಿಸಿದೆ ಅಂತ ಅವರು ಹೇಳಿಲ್ಲ, ನಾನೂ ಕೇಳಿಲ್ಲ. ಇವತ್ತು ಬರುವಂತೆ ಕರೆದಿದ್ದೆ. ಡ್ಯೂಟಿ ಇದೆ ಅಂದರು. ಆಮೇಲೆ ಕೇಳಿದರು, "ಗ್ರಂಥಾಲಯದಲ್ಲಿ ಪಾಠ ಅಂದ್ರಲ್ಲ, ಗುರುವಾರ ತಾನೆ? ಅವತ್ತು ನಂಗೆ ರಜೆ. ಒಂಬತ್ತು ವರ್ಷದ ಹಿಂದೆ ರಸ್ತೇಲಿ ಏನಾಯ್ತು ಅಂತ ನಾನೇ ಬಂದು ಹೇಳ್ತೀನಿ. ನಂಗೊಂದು ಕುರ್ಚಿ ಹಾಕ್ಸಿ."

ಹಾಕಿಸುತ್ತೇನೆ. ಇಷ್ಟು ಹೊತ್ತು ಎದ್ದುಹೋಗದೆ ಕೊನೆತನಕ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.