ಬಾಯಲ್ಲಿ ನೀರು ಹಿಡಿದು ಗೆದ್ದ ಗುರವ್ವ

ಕೇಳ್ರಪ್ಪಾ, ಈಗ ಹೇಳೋದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಕಿತ್ತು ನಿಮ್ಮ ಮನೆ ಕಸಬರಿಗೆಗೆ ಕಟ್ಟಿಕೊಳ್ಳಿ.

ಏಳು ಗುಡ್ಡದಾಚೆ, ಹೆಸರಿಲ್ಲದ ಒಂದು ಸೀಮೆ. ಅಲ್ಲಿ ಕುಂಬಾರ ಗುರವ್ವ. ಅವಳ ಗಡಿಗೆಗೆ ಸಿಡಿಲು ಬಡಿದರೆ ಸಿಡಿಲೇ ಸೊಟ್ಟಗಾಗುತ್ತಿತ್ತು. ಮಣ್ಣು ಬರುತ್ತಿದ್ದದ್ದು ಕೆರೆ ದಂಡೆಯ ಗುಂಡಿಯಿಂದ. ಒಂದು ದಿನ ಹೋಗಿ ನೋಡಿದರೆ ಗುಂಡಿ ಸುತ್ತ ಮುಳ್ಳುಬೇಲಿ. "ಇದು ನಮ್ಮದು," ಅಂದ ಬೇಲಿ ಹಾಕಿಸಿದ ಊರಗೌಡ, ರುದ್ರಗೌಡ. ಮಣ್ಣಿಲ್ಲದ ಮೇಲೆ ಕುಂಬಾರಗಿತ್ತಿ ತಿಗರಿ ಮೇಲೆ ಏನು ತಿರುಗಿಸಬೇಕು, ಗಾಳಿಯನ್ನೇ?

ಗುರವ್ವ ನ್ಯಾಯದ ಕಟ್ಟೆಗೆ ಹೋದಳು. ಕಟ್ಟೆ ಮೇಲೆ ಮೂವರು ಹಿರಿಯರು, ಮೂವರೂ ಕಣ್ಣು ಬಿಟ್ಟುಕೊಂಡು ಕೂತಿದ್ದರು. ಆ ಸೀಮೆಯ ಪದ್ಧತಿ ಕೇಳಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ತುಂಬ ನೀರು ಹಿಡಿದು ಕೂರಬೇಕು. ನುಂಗಬಾರದು, ಉಗುಳಬಾರದು. ಉಗುಳಿ ಆಡಿದರೆ ಆ ಮಾತೂ ಸಾಕ್ಷಿಯೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೊದಲು ಗೌಡ.

"ಗುಂಡಿ ನಮ್ಮಜ್ಜನ ಕಾಲದಿಂದ ನಮ್ಮದು," ಅಂದ. ಗುರವ್ವನ ಕೆನ್ನೆ ನಡುಗಿತು, ನೀರು ಅಲುಗಲಿಲ್ಲ.

"ಕನಿಕರಪಟ್ಟು ಇವಳಿಗೆ ಮಣ್ಣು ಒಯ್ಯೋಕೆ ಬಿಟ್ಟಿದ್ದೆ," ಅಂದ. ಕಣ್ಣು ಕೆಂಪಾಯಿತು, ನೀರು ಅಲುಗಲಿಲ್ಲ.

"ಇವಳ ಗಡಿಗೆಗಳೋ, ಸೋರುತ್ತವೆ," ಅಂದ. ಅಯ್ಯೋ ಶಿವನೇ, ಬಾಯಲ್ಲಿದ್ದ ನೀರು ಕುದಿಯಿತು, ಕಿವಿಯಿಂದ ಹಬೆ ಬಂತು. ತುಟಿ ಮಾತ್ರ ಬಿಚ್ಚಲಿಲ್ಲ ಮಹಾತಾಯಿ.

ಈಗ ಅವಳ ಸರದಿ. ಗೌಡ ಬಾಯಿಗೆ ನೀರು ತುಂಬಿಕೊಂಡ.

"ಗಡಿಗೆ ಮಾತು ಸಂತೇಲಿ ಆಡೋಣ ಹಿರಿಯರೇ, ಇಲ್ಲಿ ಗುಂಡಿ ಮಾತು," ಅಂದಳು. ನೋಡಿ ಕಲೀರಿ. "ಗೌಡರ ಅಜ್ಜ ಮನೆ ಕಟ್ಟಿದ್ದು ಅದೇ ಗುಂಡಿ ಮಣ್ಣಲ್ಲಿ. ನಮ್ಮಜ್ಜನ್ನ ಕೇಳಿ ಒಯ್ದನೋ, ಕದ್ದು ಒಯ್ದನೋ, ನಾನು ಕಂಡಿಲ್ಲ."

ಗೌಡನ ಬಾಯಿಂದ ನೀರು ಕಾರಂಜಿಯಾಗಿ ಚಿಮ್ಮಿ ಹಿರಿಯರ ರುಮಾಲು ತೋಯಿತು.

"ನಮ್ಮಜ್ಜ ಕಳ್ಳನೇನೇ? ನಿಮ್ಮಜ್ಜನ ಅಪ್ಪಣೆ ಕೇಳಿ, ಒಂದು ಕುರಿ ಕೊಟ್ಟೇ ಒಯ್ದಿದ್ದ."

"ತನ್ನದೇ ಗುಂಡಿಗೆ ಯಾವನಾದರೂ ಇನ್ನೊಬ್ಬನ ಅಪ್ಪಣೆ ಕೇಳ್ತಾನೇನಪ್ಪ?" ಅಂದರು ಹಿರಿಯರು.

ತೀರ್ಪು ಅಲ್ಲೇ ಬಂತೇ? ಇಲ್ಲ. ನ್ಯಾಯವೇನು ಬಿಸಿ ರೊಟ್ಟಿಯೇ? "ನೀವು ಮನೆಗೆ ಹೋಗಿ, ನಾವು ಯೋಚಿಸಿ ಹೇಳ್ತೇವೆ," ಅಂದರು. ಅಮಾವಾಸ್ಯೆಗೆ ಡಂಗುರ ಬಂತು. ಗುಂಡಿ ಕುಂಬಾರರದು, ಬೇಲಿ ಗೌಡನೇ ಕೀಳಬೇಕು, ಒಪ್ಪದಿದ್ದರೆ ಹುಣ್ಣಿಮೆಯೊಳಗೆ ಇದಕ್ಕೂ ಮೇಲಿನ ದೊಡ್ಡ ಕಟ್ಟೆಗೆ ಹೋಗಬಹುದು.

"ಈಗಲೇ ಕಿತ್ತು ಬಿಸಾಕೋಣ ಬಾ," ಅಂದರು ನೆರೆಯವರು.

"ಬೇಡ. ಹುಣ್ಣಿಮೆವರೆಗೆ ಅವನ ಹಕ್ಕು," ಅಂದಳು ಗುರವ್ವ.

ಹುಣ್ಣಿಮೆ ಕಳೆಯಿತು. ಗೌಡ ದೊಡ್ಡ ಕಟ್ಟೆಗೂ ಹೋಗಲಿಲ್ಲ, ಬೇಲಿಯನ್ನೂ ಕೀಳಲಿಲ್ಲ. ಗೆದ್ದೆ ಅಂತ ಮನೇಲಿ ಕೂತರೆ ಬೇಲಿ ತಾನಾಗಿ ಎದ್ದು ನಡೆಯುತ್ತದೆಯೇ? ಗುರವ್ವ ಮತ್ತೆ ಕಟ್ಟೆ ಹತ್ತಿದಳು. ಕಟ್ಟೆಯ ಆಳುಗಳು ಬಂದು ನಿಂತರು. ಗೌಡ ಒಂದೊಂದೇ ಮುಳ್ಳು ಕಿತ್ತ.

ಗುರವ್ವ ಗುಂಡಿಗಿಳಿದು ಬುಟ್ಟಿ ತುಂಬಿದಳು, ತಲೆ ಮೇಲಿಟ್ಟಳು, ಊರ ನಡುವಿನಿಂದ ಮನೆಗೆ ನಡೆದಳು. ಅದು ಸುತ್ತುದಾರಿ. ಇರಲಿ, ಗೆದ್ದ ಮಣ್ಣನ್ನು ಊರೂ ನೋಡಬೇಕಲ್ಲ.

ಅವಳು ಅಲ್ಲಿ ತಿಗರಿ ತಿರುಗಿಸುತ್ತಾಳೆ, ನಾನು ಇಲ್ಲಿ ನಾಲಗೆ ತಿರುಗಿಸುತ್ತೇನೆ. ಎಲ್ಲ ನಿಜ. ಒಂದು ಚೂರು ಮಾತ್ರ ನಾನು ಸೇರಿಸಿದ್ದು: ಮೂವರೂ ಹಿರಿಯರು ಕಣ್ಣು ಬಿಟ್ಟುಕೊಂಡು ಕೂತಿರಲಿಲ್ಲ. ನಡುವಿನವ ಗೊರಕೆ ಹೊಡೆಯುತ್ತಿದ್ದ. ಎದ್ದದ್ದು ಗೌಡನ ನೀರು ಮುಖಕ್ಕೆ ಬಿದ್ದ ಮೇಲೆ.